ಸಾಲಾನ ಜಮಾ ಅಂತ ಓದಿದ ಡ್ರೈವರ್

ಹೋದ ಬೇಸಿಗೆಯಲ್ಲಿ ಜಂಗಮಕೋಟೆ ಹತ್ತಿರದ ನಮ್ಮ ಹುಳುಮನೆಗೆ ಒಂದು ಪುಟ್ಟ ಎಆರ್‌ಎಂ ಬೋರ್ಡ್ ಹಾಕಿ ಬಂದಿದ್ದೆ. ಶಾಖ, ತೇವ ಅಳೆದು ವೈಫೈ ಮೂಲಕ ಅಪ್ಪನ ಫೋನಿಗೆ ಕಳಿಸೋದು ಅದರ ಕೆಲಸ. ನಾಲ್ಕನೇ ಜ್ವರ ಎದ್ದ ರೇಷ್ಮೆಹುಳಕ್ಕೆ 24-25 ಡಿಗ್ರಿ ಇರಬೇಕು. ಆ ವಾರ ಸೆಕೆ ಏರಿದರೆ ಬೆಳೆ ಹೋದಂಗೇ, ಚಾಕಿ ತಂದ ಸಾಲ ಮಾತ್ರ ಉಳಿಯುತ್ತೆ.

ಸರಿಯಾಗಿ ಅದೇ ವಾರ ಅಪ್ಪನ ಫೋನ್ ಬಂತು. "ನಿನ್ ಡಬ್ಬ ಮಧ್ಯಾಹ್ನದಿಂದ ಮಾತಾಡ್ತಿಲ್ಲ ಕಣೋ. ನಾನು ಥರ್ಮಾಮೀಟರ್ ನೋಡ್ಕೊಂಡು ಗೋಣಿಚೀಲ ನೆನೆಸಿ ಕಟ್ಟಿದೀನಿ, ಬಿಡು."

ಹುಳು ಉಳಿದವು. ನನ್ನ ಮಾನ ಉಳಿಯಲಿಲ್ಲ.

ಶನಿವಾರ ಊರಿಗೆ ಹೋಗಿ ಲಾಗ್ ತೆಗೆದೆ. ಹುಳುಮನೆಯಲ್ಲೇ ರಿಪೀಟರ್ ಇದ್ದರೂ ಬೋರ್ಡ್ ದೂರದ ಮನೆ ರೂಟರನ್ನೇ ಹಿಡಿದು ನೇತಾಡುತ್ತಿತ್ತು. ಸಿಗ್ನಲ್ 174 ಅಂತ ತೋರಿಸುತ್ತಿತ್ತು. ವೈಫೈ ಸಿಗ್ನಲ್ ಅಳೆಯೋದು ಡಿಬಿಎಂನಲ್ಲಿ. ಒಂದು ಮಿಲಿವ್ಯಾಟ್ ಅಂದರೆ ಸೊನ್ನೆ; ಮೈನಸ್ 70 ಅಂದರೆ ಅದರ ಕೋಟಿಯಲ್ಲೊಂದು ಪಾಲು. ಹಾಗಾಗಿ ಮನೆಯೊಳಗೆ ಬರೋ ಅಂಕಿ ಯಾವಾಗಲೂ ಮೈನಸ್ಸೇ. 174 ಎಲ್ಲಿಂದ ಬಂತು?

256ರಲ್ಲಿ 82 ಕಳೆದರೆ 174. ಅಲ್ಲಿಗೆ ಗೊತ್ತಾಯಿತು.

ಡ್ರೈವರ್‌ನಲ್ಲಿ "ಸಿಗ್ನಲ್ ಮೈನಸ್ 70ಕ್ಕಿಂತ ಇಳಿದರೆ ಬೇರೆ ರೂಟರ್ ಹುಡುಕು" ಅನ್ನೋ ಫಂಕ್ಷನ್ ಬರೆದವನು ನಾನೇ. ಪ್ಯಾರಾಮೀಟರಿನ ಟೈಪ್ ಬರೀ 'ಚಾರ್' ಅಂತ ಕೊಟ್ಟಿದ್ದೆ. ಸಿ ಭಾಷೆಯಲ್ಲಿ ಚಾರ್‌ಗೆ ಮೈನಸ್ ಉಂಟೋ ಇಲ್ಲವೋ ಅನ್ನೋದು ಪ್ರೊಸೆಸರ್ ಮೇಲೆ ನಿಂತಿದೆ. ಟೆಸ್ಟ್ ಮಾಡಿದ್ದ ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಉಂಟು, ಎಆರ್‌ಎಂನಲ್ಲಿ ಇಲ್ಲ. ಮೈನಸ್ 82 ಅಲ್ಲಿ 174 ಆಯಿತು. 174 ಎಂದಾದರೂ ಮೈನಸ್ 70ಕ್ಕಿಂತ ಇಳಿಯುತ್ತಾ? ಕಂಪೈಲರ್ ಚಕಾರ ಎತ್ತಲಿಲ್ಲ.

ಇದು ನನ್ನೊಬ್ಬನ ತಪ್ಪೇನೂ ಅಲ್ಲ ಅನ್ನೋದೊಂದು ಸಮಾಧಾನ. 2022ರ ಅಕ್ಟೋಬರಿನಲ್ಲಿ ಜೇಸನ್ ಡೊನೆನ್‌ಫೆಲ್ಡ್, ರಾಲಿಂಕ್ ಚಿಪ್‌ಗಳ ಆರ್‌ಟಿ2ಎಕ್ಸ್00 ವೈಫೈ ಡ್ರೈವರ್‌ನಲ್ಲಿ ಇಂಥ ಚಾರ್‌ಗಳನ್ನು ಹುಡುಕಿ, ಮೈನಸ್ ಇರೋದು ಎಸ್8, ಇಲ್ಲದ್ದು ಯು8 ಅಂತ ಬಿಡಿಸಿ ಬರೆದರು. 2023ರ ಫೆಬ್ರುವರಿಯಲ್ಲಿ ಬಂದ ಲಿನಕ್ಸ್ 6.2ರಿಂದ ಕರ್ನಲ್‌ನಲ್ಲಿ ಎಲ್ಲ ಪ್ರೊಸೆಸರ್‌ಗಳಲ್ಲೂ ಚಾರ್‌ಗೆ ಮೈನಸ್ ಇಲ್ಲ. ನಾನಿನ್ನೂ ಹಳೆಯ 5.10ರಲ್ಲೇ ಇದ್ದೆ.

ಚಾರ್ ಅಳಿಸಿ ಎಸ್8 ಬರೆದೆ. ಹೆಡರ್ ಫೈಲಿನಲ್ಲೂ ಬದಲಿಸಿದೆ. ಇದೇ ಅಂಕಿಯನ್ನು ಚಾರ್‌ನಲ್ಲಿಟ್ಟು ಹೋಲಿಸಿದ್ದ ಇನ್ನೆರಡು ಸಾಲು ಸಿಕ್ಕವು, ಅವನ್ನೂ ತಿದ್ದಿದೆ. ಒಟ್ಟು ನಾಲ್ಕು ಸಾಲು. ಬೋರ್ಡ್ ತಾನಾಗೇ ರಿಪೀಟರ್‌ಗೆ ಜಿಗಿಯಿತು.

"ಏನ್ ಕೆಟ್ಟಿತ್ತು?" ಅಂದರು ಅಪ್ಪ. ಟೈಪ್, ಪ್ಯಾರಾಮೀಟರ್ ಅಂತ ಶುರು ಮಾಡಿದವನು ನಿಲ್ಲಿಸಿ, ಗೋಡೆಗೆ ನೇತುಹಾಕಿದ್ದ ಅವರ ಗೂಡಿನ ಲೆಕ್ಕದ ಪುಸ್ತಕ ತೋರಿಸಿದೆ. "ಸಾಲಾನ ಜಮಾ ಅಂತ ಓದ್ಕೊಂಡಿತ್ತು."

"ಅದಕ್ಕೇ ಅಷ್ಟು ಧೈರ್ಯವಾಗಿತ್ತು," ಅಂದರು. ಥರ್ಮಾಮೀಟರನ್ನು ಮಾತ್ರ ಗೋಡೆಯಿಂದ ತೆಗೆದಿಲ್ಲ. ನಾನೂ ತೆಗೀರಿ ಅನ್ನಲಿಲ್ಲ.