ಅಪ್ಪನಿಗೆ ಕುರ್ಚಿ ಹಾಕಿದ ಮೇಷ್ಟ್ರು

ಅಪ್ಪ ಹೆಣದ ಮುಂದೆ ತಮಟೆ ಬಡೀತಾ ಹೋಗುವಾಗ ನಾನು ಶಾಲೆ ಗೋಡೆ ಹಿಂದೆ ಅವಿತುಕೊಳ್ತಿದ್ದೆ.

ಏಳನೇ ಕ್ಲಾಸಿನ ಸ್ಕೂಲ್‌ಡೇ ನಾಟಕಕ್ಕೆ ಕನ್ನಡ ಮೇಷ್ಟ್ರು ಅದೇ ತಮಟೆ ತರಿಸಿದರು. 'ಸಾವಿನ ವಾದ್ಯ, ಸ್ಟೇಜ್ ಮೇಲೆ ಬೇಡ' ಅಂದರು ಊರಿನವರು. ಮೇಷ್ಟ್ರು ವಾದಕ್ಕಿಳಿಯಲಿಲ್ಲ. ಅಪ್ಪನನ್ನ ಕರೆಸಿ, ಕುರ್ಚಿ ಹಾಕಿ ಕೂರಿಸಿ, 'ಮಕ್ಕಳಿಗೆ ನೀವೇ ಹೇಳಿಕೊಡಿ' ಅಂದರು. ನನಗೆ ಹೇಳಿದ್ದು ಇಷ್ಟೇ: 'ಮಳೆ ಹೆಂಗೆ ಬರುತ್ತೆ, ಬಾರಿಸಿ ತೋರಿಸು.' ಅಪ್ಪ ಕಲಿಸಿದ ಪೆಟ್ಟಿನಲ್ಲೇ ನಂದೊಂದು ಹೊಸ ಪೆಟ್ಟು ಹುಟ್ಟಿತು. ಅವತ್ತಿಂದ ನಾನು ಅವಿತುಕೊಳ್ಳಲಿಲ್ಲ.

2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಅಂತ ಓದಿದಾಗ ಆಫೀಸಿನ ಫೈಲುಗಳ ಮಧ್ಯೆಯೇ ಕಣ್ಣು ತುಂಬಿ ಬಂತು. ಅಪ್ಪ ಇರಬೇಕಿತ್ತು.

ಗೆಳೆಯರೇ, ನಮ್ಮ ಕೇರಿ ಮಕ್ಕಳ ಕೈಯಲ್ಲಿ ಕಲೆಗೇನೂ ಬರ ಇಲ್ಲ. ಕುರ್ಚಿ ಹಾಕೋ ಮೇಷ್ಟ್ರುಗಳು ಬೇಕು.

ಜೈ ಭೀಮ್.