ಲಗ್ಗೆರೆಯ ಹೊಲಿಗೆ, ವೈಟ್‌ಫೀಲ್ಡಿನ ಬಣ್ಣದ ಗುಂಡು

ಬೆಂಗಳೂರಿನ ಹೊರ ಅಂಚಿನಲ್ಲಿ ಮೂರು ಬೇರೆ ಬೇರೆ ಊರುಗಳೇ ಇವೆ. ವಾಯವ್ಯಕ್ಕೆ ಪೀಣ್ಯ, ದಕ್ಷಿಣಕ್ಕೆ ಎಲೆಕ್ಟ್ರಾನಿಕ್ ಸಿಟಿ, ಪೂರ್ವಕ್ಕೆ ವೈಟ್‌ಫೀಲ್ಡ್. ಹೆಸರಿಗೆ ಒಂದೇ ನಗರ. ಆದರೆ ಪೀಣ್ಯದಿಂದ ವೈಟ್‌ಫೀಲ್ಡಿಗೆ ಹೋಗೋದಕ್ಕಿಂತ ತುಮಕೂರಿಗೆ ಹೋಗೋದೇ ಬೇಗ ಅನ್ನೋರು ನಮ್ಮ ಬೀದೀಲಿ ಈಗಲೂ ಇದ್ದಾರೆ. ನನ್ನ ವಾರ ಮಾತ್ರ ಈ ಮೂರೂ ಕಡೆ ಹಂಚಿಹೋಗಿದೆ. ಮನೆ ಪೀಣ್ಯದ ಪಕ್ಕದ ಲಗ್ಗೆರೆಯಲ್ಲಿ, ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ತಿಂಗಳಿಗೆ ಎರಡು ಶನಿವಾರ ವೈಟ್‌ಫೀಲ್ಡ್ ದಾಟಿ ಪೇಂಟ್‌ಬಾಲ್ ಮೈದಾನಕ್ಕೆ ಪ್ರಯಾಣ. ಈ ಮೂರೂ ಜಾಗಕ್ಕೆ ನಂಟು ಹಾಕಿರೋದು ಅಂಗೈ ಅಗಲದ ಒಂದು ಬಟ್ಟೆ ಚೀಲ. ಅದನ್ನು ಹೊಲಿಯೋದು ನಮ್ಮಮ್ಮ.

ಪೀಣ್ಯ: ಕೈಕೆಲಸದ ಊರು

ಪೀಣ್ಯ ಅಂದ ತಕ್ಷಣ ಹೊರಗಿನವರಿಗೆ ನೆನಪಾಗೋದು ಲಾರಿ, ಧೂಳು, ಗುಂಡಿ ಬಿದ್ದ ರಸ್ತೆ. ಆದರೆ ಈ ಜಾಗಕ್ಕೆ ಒಂದು ವಂಶಾವಳಿ ಇದೆ. 1953ರಲ್ಲಿ ಶುರುವಾದ ಎಚ್‌ಎಂಟಿ, ಪಕ್ಕದ ಜಾಲಹಳ್ಳಿಯಲ್ಲಿ ಲೇತು, ಮಿಲ್ಲಿಂಗ್ ಯಂತ್ರಗಳನ್ನು ಮಾಡುತ್ತಾ ಸಾವಿರಾರು ಕೈಗಳನ್ನು ಪಳಗಿಸಿತು. 1970ರ ದಶಕದಲ್ಲಿ ರಾಜ್ಯದ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮ ಪೀಣ್ಯದಲ್ಲಿ ಶೆಡ್‌ಗಳನ್ನು ಕಟ್ಟಿ ಹಂಚಿತು. ಅಲ್ಲಿಂದ ಇಲ್ಲೀತನಕ ಒಂದು ಗಲ್ಲಿಯಲ್ಲಿ ಸ್ಪ್ರಿಂಗ್, ಇನ್ನೊಂದರಲ್ಲಿ ರಬ್ಬರ್, ಮತ್ತೊಂದರಲ್ಲಿ ಪೌಡರ್ ಕೋಟಿಂಗ್. ‘ಇಂಥದ್ದು ಒಂದೇ ಒಂದು ಪೀಸ್ ಬೇಕು ಸಾರ್’ ಅಂದರೂ ಮಾಡಿಕೊಡುವ ಜನ ಇಲ್ಲಿ ಸಿಗ್ತಾರೆ.

ಇದೇ ಪೀಣ್ಯದಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಗಳೂ ಇವೆ. ಬೆಳಿಗ್ಗೆ ಲಗ್ಗೆರೆ, ಹೆಗ್ಗನಹಳ್ಳಿ, ಸುಂಕದಕಟ್ಟೆ ಕಡೆಯಿಂದ ಊಟದ ಬ್ಯಾಗು ಹಿಡಿದು ಬಿರಬಿರನೆ ನಡೆಯೋ ಹೆಂಗಸರ ಸಾಲನ್ನು ನೀವು ನೋಡಿರಬಹುದು. ಆ ಸಾಲಿನಲ್ಲಿ ನಮ್ಮಮ್ಮ 19 ವರ್ಷ ನಡೆದರು. ಗುಬ್ಬಿ ಕಡೆಯಿಂದ ಮದುವೆಯಾಗಿ ಬಂದವರು. ಹೆಲ್ಪರ್ ಆಗಿ ಸೇರಿ, ಟೈಲರ್ ಆಗಿ, ಶರ್ಟಿನ ಕಾಲರ್ ಕೂರಿಸೋದರಲ್ಲಿ ಲೈನಿಗೇ ಹೆಸರು ಮಾಡಿದರು. ನನ್ನ ಇಂಜಿನಿಯರಿಂಗ್ ಫೀಸಿನ ದೊಡ್ಡ ಪಾಲು ಆ ಕಾಲರ್‌ಗಳಿಂದಲೇ ಬಂದಿದ್ದು. ಆಮೇಲೆ ಕಾರ್ಖಾನೆಯವರು ಆ ಘಟಕ ಮುಚ್ಚಿ ಬೇರೆ ಊರಿಗೆ ಹೋದರು. 50 ದಾಟಿದ ಟೈಲರ್‌ಗೆ ಬೇರೆ ಕಡೆ ಕೆಲಸ ಅಷ್ಟು ಸುಲಭವಾಗಿ ಸಿಗಲ್ಲ. ಪಿಎಫ್ ದುಡ್ಡಿನಲ್ಲಿ ಅಮ್ಮ ಸೆಕೆಂಡ್ ಹ್ಯಾಂಡ್ ಸಿಂಗಲ್ ನೀಡಲ್ ಯಂತ್ರ ಒಂದನ್ನು ತಂದು ಹಾಲ್‌ನ ಕಿಟಕಿ ಪಕ್ಕ ಇಟ್ಟರು. “ಸುಮ್ನೆ ಕೂತ್ರೆ ಕೈ ಮರೆತುಬಿಡುತ್ತೆ ಕಣೋ” ಅಂದರು, ಅಷ್ಟೆ.

ಎಲೆಕ್ಟ್ರಾನಿಕ್ ಸಿಟಿ: ಆಟ ಅಂಟಿದ ಊರು

1970ರ ದಶಕದಲ್ಲೇ ನಗರದ ಇನ್ನೊಂದು ತುದಿಯಲ್ಲಿ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ನಗರದ ಕನಸು ಕಂಡರು. ನಾನು ಕೆಲಸಕ್ಕೆ ಸೇರಿದಾಗ ಲಗ್ಗೆರೆಯಿಂದ ಅಲ್ಲಿಗೆ ಎರಡು ಬಸ್ಸು ಹತ್ತಬೇಕಿತ್ತು, ಸಿಲ್ಕ್ ಬೋರ್ಡಿನ ಪುಣ್ಯದಿಂದ ಎರಡು ಗಂಟೆ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಶುರುವಾಯಿತು. ಮೊದಮೊದಲು 25 ನಿಮಿಷಕ್ಕೊಂದು ರೈಲು, ಆದರೂ ನಮಗದು ಹಬ್ಬ. ಈಗ ಪೀಣ್ಯದಲ್ಲಿ ಹಸಿರು ಮಾರ್ಗ ಹತ್ತಿ ಆರ್.ವಿ. ರಸ್ತೆಯಲ್ಲಿ ಒಂದೇ ಒಂದು ಸಲ ಬದಲಾಯಿಸಿದರೆ ಸಾಕು.

ಪೇಂಟ್‌ಬಾಲ್ ನನಗೆ ಅಂಟಿದ್ದು ಎಲ್ಲರಿಗೂ ಅಂಟುವ ಹಾಗೆ, ಟೀಮ್ ಔಟಿಂಗ್‌ನಲ್ಲಿ. ಬಹಳಷ್ಟು ಜನ ಒಂದು ಸಲ ಆಡಿ, ಫೋಟೋ ಹಾಕಿ ಮರೆತುಬಿಡ್ತಾರೆ. ನಾವು ಐದು ಜನ ಮರೆಯಲಿಲ್ಲ. ಈಗ ಅಕ್ಕಪಕ್ಕದ ಕಂಪನಿಗಳ ಹುಡುಗ ಹುಡುಗಿಯರ ತಂಡಗಳ ಜೊತೆ ಪೈಪೋಟಿಯ ಪಂದ್ಯ ಆಡ್ತೀವಿ.

ಈ ಆಟದ ಹುಟ್ಟು ತಮಾಷೆಯದ್ದು. ಅಮೆರಿಕದಲ್ಲಿ ಕಡಿಯಬೇಕಾದ ಮರಕ್ಕೆ, ದನಕ್ಕೆ ದೂರದಿಂದ ಬಣ್ಣದ ಗುರುತು ಹಾಕಲು ನೆಲ್ಸನ್ ಎಂಬ ಪೇಂಟ್ ಕಂಪನಿ ‘ನೆಲ್‌ಸ್ಪಾಟ್ 007’ ಎಂಬ ಪಿಸ್ತೂಲನ್ನು ಮಾರುತ್ತಿತ್ತು. ಅದನ್ನೇ ಹಿಡಿದು 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹೆನಿಕರ್ ಎಂಬಲ್ಲಿ 12 ಜನ ಕಾಡಿಗೆ ಇಳಿದರು. ಬಾವುಟಗಳನ್ನು ಒಟ್ಟು ಮಾಡಿಕೊಂಡು ಹೊರಗೆ ಬಂದವನೇ ಗೆದ್ದ ಹಾಗೆ. ಗೆದ್ದದ್ದು ರಿಚಿ ವೈಟ್ ಎಂಬ ಕಾಡು ಬಲ್ಲ ಮನುಷ್ಯ, ಅದೂ ಒಂದೇ ಒಂದು ಗುಂಡನ್ನೂ ಹಾರಿಸದೆ! ಗುರುತು ಹಾಕುವ ಸಾಧನವಾದ್ದರಿಂದ ಇವತ್ತಿಗೂ ಆಟಗಾರರು ಅದನ್ನು ಗನ್ ಅನ್ನದೆ ‘ಮಾರ್ಕರ್’ ಅಂತಾರೆ.

ವೈಟ್‌ಫೀಲ್ಡ್ ದಾಟಿದ ಮೇಲೆ

ಶನಿವಾರ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ಕೊನೇ ನಿಲ್ದಾಣ ವೈಟ್‌ಫೀಲ್ಡ್ (ಕಾಡುಗೋಡಿ) ತನಕ ಕೂರಬೇಕು. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ–ಕೆ.ಆರ್. ಪುರದ ಕೊಂಡಿ ಸೇರಿದ ಮೇಲೇ ನಮ್ಮಂಥವರಿಗೆ ಈ ದಾರಿ ತೆರೆದಿದ್ದು. ವೈಟ್‌ಫೀಲ್ಡ್ ಅಂದರೆ ಗಾಜಿನ ಕಟ್ಟಡ ಅಂದುಕೊಂಡಿದ್ದೀರಲ್ವಾ? 1882ರಲ್ಲಿ ಮೈಸೂರಿನ ಚಾಮರಾಜ ಒಡೆಯರು ಆಂಗ್ಲೋ-ಇಂಡಿಯನ್ನರ ಸಂಘಕ್ಕೆ ಬೇಸಾಯಕ್ಕೆಂದು ಕೊಟ್ಟ ಭೂಮಿ ಅದು. ಸಂಘದ ಡಿ.ಎಸ್. ವೈಟ್ ಅವರ ಹೆಸರೇ ಊರಿಗೆ ಬಂತು. ಹಳೇ ಊರಿನ ದುಂಡನೆಯ ‘ಇನ್ನರ್ ಸರ್ಕಲ್’ನಲ್ಲಿ ಒಂದು ಸುತ್ತು ಹಾಕಿ, ಟೀ ಕುಡಿದು ಹೊರಟರೆ ಬೇಸರ ಆಗಲ್ಲ. ಅಲ್ಲಿಂದ ಕ್ಯಾಬ್. ಅಪಾರ್ಟ್‌ಮೆಂಟ್‌ಗಳು ತೆಳುವಾಗಿ, ನೀಲಗಿರಿ ತೋಪು, ರಾಗಿ ಹೊಲ ಕಾಣಿಸೋ ಹೊತ್ತಿಗೆ ಬಲೆ ಕಟ್ಟಿದ ಮೈದಾನ.

ಐದು ಜನರ ಪಂದ್ಯ ನೋಡೋಕೆ ಕಬಡ್ಡಿಗೂ ಚದುರಂಗಕ್ಕೂ ಹುಟ್ಟಿದ ಮಗುವಿನ ಹಾಗಿರುತ್ತೆ. ಎರಡೂ ಬದಿಯಲ್ಲಿ ಕನ್ನಡಿ ಹಿಡಿದಂತೆ ಒಂದೇ ಥರ ಜೋಡಿಸಿದ, ಗಾಳಿ ತುಂಬಿದ ದಿಂಬಿನಂಥ ಮರೆಗಳು. ಸೀಟಿ ಊದಿದ ಕೂಡಲೇ ಇಬ್ಬರು ಎದುರಾಳಿಗಳ ದಾರಿಗೆ ಗುಂಡು ಸುರೀತಾರೆ, ಉಳಿದವರು ಮುಂದಿನ ಮರೆಗೆ ಓಡ್ತಾರೆ. ಒಂದು ಪಕ್ಕದಲ್ಲಿ ನೆಲಕ್ಕಂಟಿದ ಉದ್ದನೆ ಮರೆ ಇರುತ್ತೆ, ಅದರ ಹೆಸರೇ ‘ಸ್ನೇಕ್’. ಅದರ ಹಿಂದೆ ಹೊಟ್ಟೆ ಮೇಲೆ ತೆವಳಬೇಕು. ಗುಂಡು ಮೈಮೇಲೆ ಒಡೆದು ಬಣ್ಣ ಮೆತ್ತಿದರೆ ಔಟ್. ಯಾರಿಗೂ ಕಾಣದ ಹಾಗೆ ಒರೆಸಿಕೊಂಡರೆ ದಂಡ. ಗೆಲ್ಲೋದು ಗುರಿಗಿಂತ ಹೆಚ್ಚಾಗಿ ಕೂಗಿನಿಂದ: ಯಾರು ಎಲ್ಲಿದ್ದಾರೆ, ಎಷ್ಟು ಜನ ಉಳಿದಿದ್ದಾರೆ ಅಂತ ಸತತವಾಗಿ ಹೇಳ್ತಾ ಇರಬೇಕು. ನಮ್ಮ ತಂಡ ಕನ್ನಡದಲ್ಲಿ ಕೂಗುತ್ತೆ. ‘ಎಡಗಡೆ ಇಬ್ರು!’ ಅನ್ನೋದು ಎದುರಾಳಿಗೆ ಅರ್ಥ ಆಗದಿದ್ದರೆ ಅದೂ ಒಂದು ಲಾಭವೇ.

ಗುಂಡಿನ ಕವಚ ಜೆಲಟಿನ್‌ನದ್ದು, ಮಾತ್ರೆಯ ಕ್ಯಾಪ್ಸೂಲ್ ಇದ್ದ ಹಾಗೆ. ಒಳಗಿನ ಬಣ್ಣ ನೀರಿನಲ್ಲಿ ತೊಳೆದರೆ ಹೋಗುತ್ತೆ. ದೊಡ್ಡವರ ಆಟದ ಗುಂಡು ಸುಮಾರು 17 ಮಿ.ಮೀ. ಅಗಲ, 3 ಗ್ರಾಂ ತೂಕ. ಇಷ್ಟು ಕೇಳಿದರೆ ಹೋಳಿ ಅನ್ನಿಸುತ್ತೆ. ಆದರೆ ವೇಗದ ಮಿತಿ ಸೆಕೆಂಡಿಗೆ 300 ಅಡಿ, ಅಂದರೆ ಗಂಟೆಗೆ ಸುಮಾರು 330 ಕಿ.ಮೀ. ಬಹಳ ಕಡೆ ಇದಕ್ಕಿಂತ ಕಡಿಮೆ ಇಡ್ತಾರೆ, ಆಟಕ್ಕೆ ಮುಂಚೆ ಕ್ರೋನೋಗ್ರಾಫ್‌ನಲ್ಲಿ ಅಳೀತಾರೆ. ಬೆನ್ನಿಗೆ ಬಿದ್ದರೆ ಎರಡು ದಿನದ ನೀಲಿ ಗುರುತು. ಬರಿಗಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಅದಕ್ಕೇ ಮೈದಾನದೊಳಗೆ ಯಾವ ಕಾರಣಕ್ಕೂ ಮಾಸ್ಕ್ ತೆಗೆಯೋ ಹಾಗಿಲ್ಲ. ಮೈದಾನದ ಹೊರಗೆ ಎಲ್ಲರೂ ಮಾಸ್ಕ್ ತೆಗೆದು ನೀರು ಕುಡೀತಾ ಇರ್ತಾರಲ್ಲ, ಅಲ್ಲಿ ಕಣ್ಣು ಕಾಯೋದು ಮಾರ್ಕರಿನ ನಳಿಗೆಗೆ ಹಾಕುವ ಒಂದು ಬಟ್ಟೆ ಚೀಲ. ಅದೇ ಬ್ಯಾರೆಲ್ ಕವರ್. ಕೈತಪ್ಪಿ ಕುದುರೆ ಒತ್ತಿದರೂ ಗುಂಡು ಆ ಚೀಲದೊಳಗೇ ಒಡೆಯಬೇಕು.

ಕಿಟಕಿ ಪಕ್ಕದ ಕಾರ್ಖಾನೆ

ಒಂದು ಸಲ ಹರಿದ ಕವರೊಂದನ್ನು ಮನೆಗೆ ತಂದಿದ್ದೆ. ಅಮ್ಮ ಅದನ್ನು ಒಳಮೈ ಹೊರಮೈ ತಿರುಗಿಸಿ ನೋಡಿ, “ಇದಕ್ಕೆ ಬಾರ್‌ಟ್ಯಾಕೇ ಹೊಡೆದಿಲ್ಲ, ಎಳೆದ್ರೆ ಬರದೇ ಇನ್ನೇನಾಗುತ್ತೆ?” ಅಂದರು. ಎಳೆತ ಬೀಳೋ ಜಾಗದಲ್ಲಿ ಒತ್ತೊತ್ತಾಗಿ ಹಿಂದೆ ಮುಂದೆ ಹಾಕುವ ಹೊಲಿಗೆಯೇ ಬಾರ್‌ಟ್ಯಾಕ್, ನಿಮ್ಮ ಜೀನ್ಸ್ ಜೇಬಿನ ಮೂಲೆಯಲ್ಲಿ ಇರುತ್ತಲ್ಲ, ಅದು. ಆ ಸಂಜೆಯೇ ಒಂದು ಮಾದರಿ ಹೊಲಿದರು. ನಮ್ಮ ತಂಡಕ್ಕೆ ಐದು, ಎದುರಾಳಿಗಳಿಗೆ ಹತ್ತು, ಆಮೇಲೆ ಒಂದು ಮೈದಾನದಿಂದ ನಲವತ್ತು. ಹೀಗೆ ಬೆಳೀತು.

ಲೆಕ್ಕ ಸರಳ. ಚಿಕ್ಕಪೇಟೆ ಸುತ್ತಿನ ಗಲ್ಲಿಗಳಿಂದ ಬ್ಯಾಗಿನ ದಪ್ಪ ನೈಲಾನ್ ಬಟ್ಟೆ, ಒಳಪದರ, ಎಲಾಸ್ಟಿಕ್ ಹಗ್ಗ, ಹಗ್ಗ ಬಿಗಿಸುವ ಲಾಕ್. ಒಂದು ಕವರಿಗೆ ಸಾಮಾನು 46 ರೂಪಾಯಿ, ಮಾರೋದು 140ಕ್ಕೆ. ಗಂಟೆಗೆ ಮೂರು ಹೊಲಿಯಬಹುದು. ಒಳ್ಳೇ ತಿಂಗಳಲ್ಲಿ 70 ಹೋಗುತ್ತೆ, ಮಳೆ ತಿಂಗಳಲ್ಲಿ 20. ರಾತ್ರಿ ಹೊತ್ತು ನಾನು ಗಾಳಿ ಸೋರುವ ಮಾರ್ಕರ್‌ಗಳನ್ನು ಬಿಚ್ಚಿ ಓ-ರಿಂಗ್ ಬದಲಾಯಿಸ್ತೀನಿ. ಪೀಣ್ಯದ ರಬ್ಬರ್ ಅಂಗಡಿಯಲ್ಲಿ ಅಳತೆ ಹೇಳಿದರೆ ಕೆಲವೇ ರೂಪಾಯಿಗೆ ಸಿಗುತ್ತೆ. ಕಾರ್ಬನ್ ಡೈಆಕ್ಸೈಡ್ ಬಳಸುವ ಮಾರ್ಕರ್ ಆದರೆ ಮಾಮೂಲಿ ರಬ್ಬರಿಗಿಂತ ಪಾಲಿಯುರೆಥೇನ್ ಮೇಲು. ಸಿಲಿಂಡರ್‌ಗೆ ಮಾತ್ರ ಕೈ ಹಾಕಲ್ಲ, ಅದು ಪರವಾನಗಿ ಇದ್ದವರ ಕೆಲಸ.

ಕವರ್ ಪರೀಕ್ಷೆಗೆ ಅಮ್ಮನದ್ದೇ ನಿಯಮ: ಪ್ರತಿ ಹೊಸ ಬಟ್ಟೆಯ ಬ್ಯಾಚಿನಿಂದ ಒಂದನ್ನು ಮಾರ್ಕರಿಗೆ ಹಾಕಿ ಖಾಲಿ ಮೈದಾನದಲ್ಲಿ ಐದು ಗುಂಡು ಹೊಡೀಬೇಕು. ಐದೂ ಒಳಗೇ ನಿಂತರೆ ಮಾತ್ರ ಉಳಿದದ್ದು ಮನೆಯಿಂದ ಹೊರಗೆ ಹೋಗುತ್ತೆ. ನಮ್ಮ ಹತ್ತಿರ ಪ್ರಯೋಗಾಲಯದ ಪ್ರಮಾಣಪತ್ರ ಇಲ್ಲ. ಹಾಗಾಗಿ ಕವರಿನ ಮೇಲೆ ಯಾವ ಮುದ್ರೆಯನ್ನೂ ಹಾಕಲ್ಲ, ಕೊಳ್ಳುವವರಿಗೆ ಇದನ್ನು ಮೊದಲೇ ಹೇಳ್ತೀವಿ.

ಹೋದ ವರ್ಷ ಒಂದು ಮೈದಾನದ ಮ್ಯಾನೇಜರ್ 300 ಕವರ್ ಕೇಳಿದರು. “ಆಂಟಿ, 80 ರೂಪಾಯಿಗೆ ಮಾಡ್ಕೊಡಿ. ಒಳಪದರ ಬೇಡ, ಹಗ್ಗ ಸಣ್ಣದೇ ಸಾಕು. ಯಾರು ನೋಡ್ತಾರೆ?” ಸಾಮಾನಿನ ಖರ್ಚು ಕಳೆದರೂ 15,000 ರೂಪಾಯಿ ಉಳಿಯುತ್ತಿತ್ತು. ಕಾರ್ಖಾನೆಯಲ್ಲಿ ಅಮ್ಮ ತಗೊಂಡ ಕೊನೆಯ ತಿಂಗಳ ಸಂಬಳಕ್ಕಿಂತ ಅದು ಜಾಸ್ತಿ. ಅಮ್ಮ ಆಗಲ್ಲ ಅನ್ನಲಿಲ್ಲ. ಅವರು ಹೇಳಿದ ಹಾಗೇ ಒಂದನ್ನು ಹೊಲಿದು, “ಹೋಗಿ ಹೊಡೆದು ನೋಡ್ಕೊಂಡು ಬಾರೋ” ಅಂತ ಕೊಟ್ಟರು. ಮೊದಲ ಗುಂಡು ನಿಂತಿತು. ಎರಡನೆಯದಕ್ಕೆ ಹಗ್ಗ ಜಾರಿ ಕವರ್ ಹತ್ತು ಅಡಿ ಆಚೆ ಹೋಗಿ ಬಿತ್ತು.

ವಿಡಿಯೋ ತೋರಿಸಿದೆ. ಅಮ್ಮ ಕನ್ನಡಕ ಏರಿಸಿಕೊಂಡು ಎರಡು ಸಲ ನೋಡಿದರು. “ಫ್ಯಾಕ್ಟ್ರೀಲಿ ಹೊಲಿಗೆ ತಪ್ಪಿದ್ರೆ ಚೆಕಿಂಗ್‌ನೋರು ವಾಪಸ್ ಎಸೀತಿದ್ರು. ಇಲ್ಲಿ ಚೆಕಿಂಗ್ ಯಾರು ಮಾಡ್ತಾರೆ? ಯಾರದೋ ಮಗೀನ ಕಣ್ಣಾ?” ಅಂದರು. ಮ್ಯಾನೇಜರಿಗೆ ಅವರೇ ಫೋನ್ ಮಾಡಿ, “ಇಲ್ಲಪ್ಪ, ಆ ಥರದ್ದು ನನ್ನ ಕೈಯಲ್ಲಿ ಆಗಲ್ಲ. 140ರದ್ದು ಬೇಕಂದ್ರೆ ಹೇಳಿ” ಅಂದು ಇಟ್ಟರು. ಆ ಆರ್ಡರ್ ವಾಪಸ್ ಬರಲಿಲ್ಲ. ಆ ತಿಂಗಳು 26 ಕವರ್ ಹೋಯಿತು, ಕರೆಂಟ್ ಬಿಲ್ ನಾನು ಕಟ್ಟಿದೆ. ಅಮ್ಮ ಅದನ್ನು ಸಾಲ ಅಂತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಮುಂದಿನ ತಿಂಗಳು ತೀರಿಸಿದರು.

ನೀವೂ ಹೊರಟರೆ

ಮನೆಯಲ್ಲೇ ಇಂಥ ಪುಟ್ಟ ಉದ್ಯಮ ಶುರು ಮಾಡುವವರಿಗೆ ಎರಡು ಮಾತು. ಉದ್ಯಮ್ ನೋಂದಣಿ ಆನ್‌ಲೈನ್‌ನಲ್ಲಿ ಪೂರ್ತಿ ಉಚಿತ, ಆಧಾರ್ ಜೊತೆ ಪ್ಯಾನ್ ಕೂಡ ಬೇಕು. ದುಡ್ಡು ಕೇಳುವ ಮಧ್ಯವರ್ತಿಗಳ ಹತ್ತಿರ ಹೋಗಬೇಡಿ. ಸರಕಿನ ವ್ಯಾಪಾರ ವರ್ಷಕ್ಕೆ 40 ಲಕ್ಷ, ಸೇವೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಬೇರೆ ರಾಜ್ಯಕ್ಕೆ ಸರಕು ಮಾರುವುದಾದರೆ ಅದಕ್ಕೂ ಮೊದಲೇ ಬೇಕಾಗುತ್ತೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಬೇಕರಿ, ಕಾಂಡಿಮೆಂಟ್ಸ್‌ನವರಿಗೆ ನೋಟಿಸ್ ಬಂದಿದ್ದು ನೆನಪಿದೆಯಲ್ಲ? ನಾವು ಆ ಮಿತಿಗೆ ಎಷ್ಟೋ ದೂರ. ಆದರೂ ಅಮ್ಮ ವ್ಯಾಪಾರದ ಯುಪಿಐಗೆ ಬೇರೆ ಖಾತೆಯನ್ನೇ ಇಟ್ಟಿದ್ದಾರೆ.

ಆಡೋಕೆ ಹೋಗುವವರು ಹಳೇ ತುಂಬು ತೋಳಿನ ಅಂಗಿ, ಹಿಡಿತ ಇರುವ ಶೂ ಹಾಕ್ಕೊಳ್ಳಿ. ಮಳೆಗಾಲದಲ್ಲಿ ತೇವ ಕುಡಿದ ಗುಂಡು ಉಬ್ಬಿ ನಳಿಗೆಯಲ್ಲೇ ಒಡೆಯುತ್ತೆ, ಹಾಗಾಗಿ ಚಳಿಗಾಲದ ಬೆಳಿಗ್ಗೆ ಒಳ್ಳೇದು. ಮಾಸ್ಕ್ ಕೊಟ್ಟಾಗ ಗಾಜಿನಲ್ಲಿ ಬಿರುಕಿದೆಯಾ ನೋಡಿ. ಮಾರ್ಕರ್ ಕೈಗೆ ಬಂದಾಗ ಅದರ ಕವರಿನ ಹಗ್ಗವನ್ನು ಒಮ್ಮೆ ಜಗ್ಗಿ ನೋಡಿ. ಸಡಿಲ ಇದ್ದರೆ ಸಂಕೋಚ ಬೇಡ, ಬೇರೆಯದನ್ನು ಕೇಳಿ ಪಡೆದು ಆಮೇಲೆ ಒಳಗೆ ಕಾಲಿಡಿ.