ಗ್ವಾಟೆಮಾಲದಲ್ಲಿ ಪರದೇಶಿಗಳಾಗಿ

ಪರದೇಶಿ ಎಂಬ ಮಾತಿಗೆ ನಮ್ಮ ಕಡೆ ಎರಡು ಅರ್ಥಗಳುಂಟು. ಬೇರೆ ದೇಶದಿಂದ ಬಂದವನೆಂಬುದು ಒಂದು. ಹಿಂದುಮುಂದಿಲ್ಲದವನು, ದಿಕ್ಕುಗೆಟ್ಟವನು ಎಂಬುದು ಇನ್ನೊಂದು. 'ಅಯ್ಯೋ, ಪರದೇಶಿಯ ಹಾಗೆ ಕುಳಿತಿದ್ದಾನಲ್ಲ!' ಎಂದು ಮನೆಯ ಹಿರಿಯರು ಮರುಗುವಾಗ ಅವರ ಮನಸ್ಸಿನಲ್ಲಿರುವುದು ಎರಡನೆಯ ಅರ್ಥವೇ. ಮಧ್ಯ ಅಮೆರಿಕದ ಗ್ವಾಟೆಮಾಲ ದೇಶದಲ್ಲಿ ಕೆಲವು ತಿಂಗಳು ವಾಸಮಾಡಿ ಬಂದ ನಮಗೆ ಈ ಮಾತಿಗೆ ಮೂರನೆಯದೊಂದು ಅರ್ಥವೂ ಉಂಟೆಂಬುದು ತಿಳಿಯಿತು. ಆ ನಾಡಿನ ಚರಿತ್ರೆಯಲ್ಲಿ ಪರದೇಶಿಯೆಂದರೆ ಎಷ್ಟೋ ಕಡೆ ಭೂಮಿಯ ಒಡೆಯ. ಅದನ್ನು ಮುಂದೆ ಹೇಳುವೆವು.

ಗ್ವಾಟೆಮಾಲ ಮೆಕ್ಸಿಕೊ ದೇಶಕ್ಕೆ ದಕ್ಷಿಣದಲ್ಲಿದೆ. ಒಂದು ಕಡೆ ಶಾಂತಸಾಗರ, ಇನ್ನೊಂದು ಕಡೆ ಕೆರಿಬಿಯನ್ ಸಮುದ್ರ, ನಡುವೆ ಬೆಟ್ಟಗಳ ಸಾಲು. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಅರ್ಧಕ್ಕಿಂತ ತುಸು ಹೆಚ್ಚು. ೧೮೨೧ರವರೆಗೆ ಸ್ಪೇನಿನವರು ಆಳಿದುದರಿಂದ ಸ್ಪ್ಯಾನಿಷ್ ರಾಜಭಾಷೆಯಾಗಿ ಉಳಿದಿದೆ. ಆದರೆ ಹಳ್ಳಿಗಳಲ್ಲಿ ಮನೆಮಾತು ಬೇರೆಯೇ. ಮಾಯಾ ಕುಲದ ೨೨ ಭಾಷೆಗಳನ್ನು ಅಲ್ಲಿಯ ಸರಕಾರ ೨೦೦೩ರ ಕಾಯಿದೆಯಿಂದ ಮನ್ನಿಸಿದೆ. ಪರದೇಶದವರಿಗೆ ಸಾಮಾನ್ಯವಾಗಿ ದೊರೆಯುವ ಅನುಮತಿ ತೊಂಬತ್ತು ದಿನದ್ದು. ೨೦೦೬ರ ಒಪ್ಪಂದದ ಮೇರೆಗೆ ಗ್ವಾಟೆಮಾಲ, ಎಲ್ ಸಾಲ್ವಡಾರ್, ಹೊಂಡುರಾಸ್, ನಿಕರಾಗುವ ಈ ನಾಲ್ಕು ದೇಶಗಳಿಗೂ ಸೇರಿಯೇ ಈ ಲೆಕ್ಕ. ಒಂದರಿಂದ ಇನ್ನೊಂದಕ್ಕೆ ಹೋದರೆ ದಿನಗಳೇನೂ ಹೆಚ್ಚುವುದಿಲ್ಲ. ನಮ್ಮ ದೇಶದವರು ವೀಸಾದ ವಿಚಾರವನ್ನು ಹೊರಡುವ ಮುನ್ನವೇ ತಿಳಿದುಕೊಳ್ಳಬೇಕು. ಕತ್ತಲಾದ ಮೇಲೆ ಹೆದ್ದಾರಿಯಲ್ಲಿ ಸಂಚರಿಸಬೇಡಿರೆಂದು ಅಲ್ಲಿಯವರೇ ಎಚ್ಚರಿಸುವರು. ಆ ಮಾತನ್ನು ನಾವು ಪಾಲಿಸಿದೆವು.

ಮೊದಲು ನಾವು ನೆಲೆಸಿದುದು ಆಂತೀಗ್ವ ಎಂಬ ಪಟ್ಟಣದಲ್ಲಿ. ಒಂದು ಕಾಲಕ್ಕೆ ಇದೇ ರಾಜಧಾನಿ. ೧೭೭೩ರ ಭೂಕಂಪದಲ್ಲಿ ಊರು ಬಿದ್ದುಹೋದ ಮೇಲೆ ೧೭೭೬ರಲ್ಲಿ ರಾಜಧಾನಿಯನ್ನು ಈಗಿರುವ ಸ್ಥಳಕ್ಕೆ ಸಾಗಿಸಿದರು. ಬಿದ್ದ ಇಗರ್ಜಿಗಳ ಗೋಡೆಗಳು ಇಂದಿಗೂ ಹಾಗೆಯೇ ನಿಂತಿವೆ. ಮನೆಯ ಮಾಳಿಗೆಯನ್ನೇರಿದರೆ ಮೂರು ಜ್ವಾಲಾಮುಖಿಗಳು ಕಾಣುವುವು. ಅವುಗಳಲ್ಲಿ 'ಫ್ವೇಗೊ', ಎಂದರೆ ಬೆಂಕಿ, ಎಂಬುದು ಮೇಲಿಂದ ಮೇಲೆ ಹೊಗೆ ಕಾರುತ್ತಿರುತ್ತದೆ. ೨೦೧೮ರ ಜೂನ್ ೩ರಂದು ಅದು ಕೆರಳಿ ಬುಡದ ಹಳ್ಳಿಗಳನ್ನು ಬೂದಿಯಲ್ಲಿ ಹೂಳಿತು. ಇಷ್ಟಾದರೂ ಜನ ಅದನ್ನು ನೋಡಿ ಹವೆ ಹೇಳುವರೇ ಹೊರತು ಹೆದರಿದಂತೆ ತೋರುವುದಿಲ್ಲ.

ಸ್ಪ್ಯಾನಿಷ್ ಕಲಿಯಲು ಬರುವವರನ್ನು ಮನೆಯಲ್ಲಿಟ್ಟುಕೊಂಡು ಊಟ ಹಾಕುವುದು ಆ ಊರಿನ ಎಷ್ಟೋ ಗೃಹಿಣಿಯರ ಜೀವನೋಪಾಯ. ನಮ್ಮ ಮನೆಯಾಕೆ ವಯಸ್ಸಾದ ವಿಧವೆ. ಮನೆಯನ್ನು ಕಂಡೊಡನೆ ನಮಗೆ ನಮ್ಮ ತೊಟ್ಟಿಮನೆಯ ನೆನಪಾಯಿತು: ಹೆಂಚಿನ ಮಾಡು, ನಡುವೆ ಬಯಲು ಅಂಗಳ, ಸುತ್ತ ಪಡಸಾಲೆ. ಅಂಗಳದ ಮೂಲೆಯಲ್ಲಿ 'ಪೀಲ' ಎಂಬ ಕಲ್ಲುಗಾರೆಯ ತೊಟ್ಟಿ. ಅದರ ನಡುವಿನ ಗುಂಡಿಯಲ್ಲಿ ನೀರು ತುಂಬಿರುತ್ತದೆ. ಎರಡು ಪಕ್ಕಗಳಲ್ಲಿ ಪಾತ್ರೆ ಬಟ್ಟೆಗಳನ್ನು ತೊಳೆಯುವರು. ನಡುವಿನ ನೀರಿಗೆ ಕೈಯದ್ದಕೂಡದು, ಬಟ್ಟಲಿನಿಂದಲೇ ಮೊಗೆಯಬೇಕೆಂದು ಆಕೆ ಮೊದಲ ದಿನವೇ ತಿಳಿಸಿದಳು. ಎಂಜಲು ಮುಸುರೆಗಳ ನಡುವೆ ಬೆಳೆದ ನಮಗೆ ಆ ವಿಧಿಯನ್ನು ಎರಡನೆಯ ಸಲ ಹೇಳಬೇಕಾಗಲಿಲ್ಲ. ಆಕೆಗೂ ಅದರಿಂದ ಸಂತೋಷವಾಯಿತೆಂದು ಕಾಣುತ್ತದೆ.

ಊಟದ ಮಾತು. ಹೊತ್ತು ಹೊತ್ತಿಗೂ ಮುಸುಕಿನ ಜೋಳದ ರೊಟ್ಟಿಯುಂಟು. ಇದಕ್ಕೆ 'ತೊರ್ತಿಯ' ಎಂದು ಹೆಸರು. ಬೀದಿಯ ಅಂಗಡಿಯಲ್ಲಿ ಹೆಂಗಸರು ಅದನ್ನು ಅಂಗೈಯಲ್ಲಿ ತಟ್ಟುವ ಸದ್ದು ಕೇಳಿದರೆ ಧಾರವಾಡದ ಕಡೆಯ ಅಡಿಗೆಮನೆಯ ಮುಂದೆ ನಿಂತಂತಾಗುವುದು. ಆದರೆ ಒಂದು ಭೇದವುಂಟು. ಅವರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಸಿಪ್ಪೆ ತೊಳೆದು, ಆಮೇಲೆ ಅರೆಯುವರು. ಈ ಸುಣ್ಣವಿಲ್ಲದಿದ್ದರೆ ಜೋಳದಲ್ಲಿರುವ ಒಂದು ಜೀವಸತ್ತ್ವ ದೇಹಕ್ಕೆ ಹತ್ತುವುದಿಲ್ಲ. ಯುರೋಪಿನವರು ಕಾಳನ್ನು ಮಾತ್ರ ಒಯ್ದು ಸುಣ್ಣದ ವಿಧಾನವನ್ನು ಇಲ್ಲಿಯೇ ಬಿಟ್ಟುಹೋದುದರಿಂದ ಜೋಳವನ್ನೇ ನಂಬಿದ ಅಲ್ಲಿಯ ಬಡವರು 'ಪೆಲ್ಲಾಗ್ರ' ಎಂಬ ರೋಗಕ್ಕೆ ತುತ್ತಾದರು. ಜೊತೆಗೆ ಕರಿಯ ಹುರುಳಿಕಾಯಿ ಬೀಜದ ಪಲ್ಯ. ಶಾಕಾಹಾರಿಗಳು ಇದನ್ನು ಬಡಿಸಿಕೊಳ್ಳುವ ಮುನ್ನ 'ಮಾಂತೇಕ' ಹಾಕಿದ್ದಾರೆಯೆ ಎಂದು ಕೇಳತಕ್ಕದ್ದು. ಅದು ಹಂದಿಯ ಕೊಬ್ಬು. ನಾವು ಬೆಂಗಳೂರಿನ ಸಂತೆಯಲ್ಲಿ ಕೊಳ್ಳುವ ಸೀಮೆಬದನೆಯ ತವರು ಈ ಸೀಮೆಯೇ ಎಂಬುದೂ ಅಲ್ಲಿಯೇ ತಿಳಿಯಿತು. ಅಲ್ಲಿ ಅದರ ಹೆಸರು 'ವಿಸ್ಕಿಲ್'. ಮೆಣಸಿನಕಾಯಿ, ಸೀಬೆ, ಪರಂಗಿ ಇವೆಲ್ಲ ಅಮೆರಿಕ ಖಂಡದಿಂದಲೇ ನಮಗೆ ಬಂದುವು. ಬ್ಯಾಡಗಿಯವರಿಗೆ ಈ ಮಾತನ್ನು ನಂಬಿಸುವುದು ಕಷ್ಟ.

ಪರರೊಡನೆ ನಡೆದುಕೊಳ್ಳುವುದರಲ್ಲಿ ಆ ಜನರ ಮರ್ಯಾದೆ ದೊಡ್ಡದು. ಹೋಟೆಲಿನಲ್ಲಿ ಎದ್ದು ಹೋಗುವವನು ಗುರುತಿಲ್ಲದ ಪಕ್ಕದ ಮೇಜಿನವರಿಗೂ 'ಪ್ರೊವೇಚೊ' ಎಂದು ಹೇಳಿ ಹೋಗುವನು; ಉಂಡದ್ದು ಮೈಗೆ ಹತ್ತಲಿ ಎಂಬ ಹಾರೈಕೆ ಅದು. ನಮ್ಮ 'ನೀನು', 'ನೀವು'ಗಳಂತೆ ಅವರಲ್ಲಿಯೂ ಭೇದವುಂಟು. ಆಕೆ ನಮ್ಮನ್ನು ಕೊನೆಯವರೆಗೂ 'ಉಸ್ತೇದ್' ಎಂದು ಬಹುವಚನದ ಗೌರವದಿಂದಲೇ ಮಾತನಾಡಿಸಿದಳು. ಮೊಮ್ಮಗನನ್ನು ಮಾತ್ರ 'ವೋಸ್' ಎಂದು ಗದರಿಸುತ್ತಿದ್ದಳು.

ಕ್ರೈಸ್ತರ ಪವಿತ್ರ ವಾರದಲ್ಲಿ ಬೀದಿಯುದ್ದಕ್ಕೂ ಬಣ್ಣದ ಮರದ ಹೊಟ್ಟು, ಹೂ, ಸೂಜಿಪರ್ಣಗಳಿಂದ ರಂಗವಲ್ಲಿ ಹಾಕುವರು. ಉತ್ಸವ ಅದರ ಮೇಲೆಯೇ ನಡೆದು ಎಲ್ಲವನ್ನೂ ಅಳಿಸಿಬಿಡುವುದು. ಇದನ್ನು ನೋಡಲು ಬರುವ ಹೊರಗಿನವರಿಗೆ ಲೆಕ್ಕವಿಲ್ಲ. ಆದರೆ ಹೊರಗಿನವರ ಹಣದಿಂದ ಊರಿಗೆ ಒಂದು ಕಷ್ಟವೂ ಬಂದಿದೆ. ಡಾಲರಿನಲ್ಲಿ ಬಾಡಿಗೆ ಕೊಡುವವರು ಬಂದ ಬೀದಿಗಳಲ್ಲಿ ಕೆತ್ಸಾಲಿನಲ್ಲಿ ಸಂಬಳ ಪಡೆಯುವವರಿಗೆ ಮನೆ ಸಿಕ್ಕುವುದಿಲ್ಲ. ನಮ್ಮ ಮನೆಯಾಕೆಯ ಸ್ವಂತ ಮಗಳೇ ಊರ ಹೊರಗಿನ ಹಳ್ಳಿಯಲ್ಲಿ ಬಾಡಿಗೆಗಿದ್ದು ದಿನವೂ ಬಸ್ಸಿನಲ್ಲಿ ಬರುತ್ತಿದ್ದಳು.

ಆಂತೀಗ್ವದಿಂದ ನಾವು ರಾಜಧಾನಿಯ ಮಾರ್ಗವಾಗಿ ಉತ್ತರದ ಆಲ್ತ ವೆರಪಾಸ್ ಪ್ರಾಂತಕ್ಕೆ ಹೋದೆವು. ಅಲ್ಲಿಯ ಮುಖ್ಯ ಪಟ್ಟಣ ಕೊಬಾನ್. ಎಡೆಬಿಡದೆ ಜಿನುಗುವ ತುಂತುರುಮಳೆ. ಅದಕ್ಕೆ ಅವರು 'ಚಿಪಿ-ಚಿಪಿ' ಎನ್ನುವರು. ನಮ್ಮ ಜಿಟಿಜಿಟಿಗೆ ಅದು ತಂಗಿಯಂತಿದೆ. ಹಾವಸೆ ಕಟ್ಟಿದ ಹೆಂಚು, ಒಲೆಯ ಮೇಲೆ ಒಣಗುವ ಬಟ್ಟೆ, ನೆರಳಿನಲ್ಲಿ ಕಾಫಿಯ ಗಿಡ; ಮಡಿಕೇರಿಯವರನ್ನು ಕಣ್ಣು ಕಟ್ಟಿ ತಂದು ಬಿಟ್ಟರೆ ಊರು ಬಿಟ್ಟೆವೆಂದು ತಿಳಿಯಲಾರರು. ಇಲ್ಲಿಯ ಜನ ಕೆಕ್ಚಿ ಭಾಷೆಯವರು. ಎದುರಾದವರನ್ನು ಅವರು ಕೇಳುವ ಕುಶಲಪ್ರಶ್ನೆಯ ಅರ್ಥ, 'ನಿಮ್ಮ ಹೃದಯ ಸುಖವಾಗಿದೆಯೆ?' ಎಂದು.

ಈ ಪ್ರಾಂತಕ್ಕೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜರ್ಮನರು ಬಂದರು. ಕಾಫಿ ಬೆಳೆಯಬೇಕೆಂದು ಅಂದಿನ ಸರಕಾರ ಹಳ್ಳಿಗಳ ಸಮುದಾಯದ ಭೂಮಿಯನ್ನು ಖಾಸಗಿಯವರಿಗೆ ಬಿಟ್ಟುಕೊಟ್ಟಿತು. ೧೮೭೭ರಲ್ಲಿ ಕೂಲಿಯ ಕಟ್ಟಳೆಯೊಂದು ಹುಟ್ಟಿ, ಹಳ್ಳಿಯವರು ಸಾಲಕ್ಕೂ ಬಲವಂತಕ್ಕೂ ಸಿಕ್ಕಿ ತೋಟಗಳಲ್ಲಿ ದುಡಿಯಬೇಕಾಯಿತು. ಹೀಗೆ ಪರದೇಶಿಗಳು ಒಡೆಯರಾದರು. ನೆಲದ ಮಕ್ಕಳು, ನಮ್ಮ ಮಾತಿನ ಎರಡನೆಯ ಅರ್ಥದಲ್ಲಿ, ತಮ್ಮ ನೆಲದಲ್ಲಿಯೇ ಪರದೇಶಿಗಳಾದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನರ ತೋಟಗಳನ್ನು ಸರಕಾರ ಕಿತ್ತುಕೊಂಡಿತು. ಆದರೆ ಅವು ಕೆಕ್ಚಿ ಜನರಿಗೆ ಹಿಂದಿರುಗಲಿಲ್ಲ. ಇದೇ ಪ್ರಾಂತದ ಪಾನ್ಸೋಸ್ ಎಂಬಲ್ಲಿ ೧೯೭೮ರ ಮೇ ೨೯ರಂದು ಭೂಮಿಯ ಹಕ್ಕು ಕೇಳಲು ನೆರೆದ ರೈತರ ಮೇಲೆ ಸೈನಿಕರು ಗುಂಡು ಹಾರಿಸಿದರು. ಸತ್ತವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು. ೧೯೬೦ರಿಂದ ೧೯೯೬ರವರೆಗೆ ನಡೆದ ಒಳಯುದ್ಧದಲ್ಲಿ ಎರಡು ಲಕ್ಷಕ್ಕಿಂತ ಹೆಚ್ಚು ಜನ ಸತ್ತರು ಇಲ್ಲವೆ ಕಾಣೆಯಾದರೆಂದು ೧೯೯೯ರಲ್ಲಿ ಸತ್ಯಶೋಧನೆಯ ಆಯೋಗ ಅಂದಾಜು ಮಾಡಿತು. ಗುರುತು ಸಿಕ್ಕಿದವರಲ್ಲಿ ನೂರಕ್ಕೆ ಎಂಬತ್ತಮೂರು ಮಂದಿ ಮಾಯಾ ಜನರು. ಹೊರಗಿನಿಂದ ಬಂದವನನ್ನು ಕೊಬಾನಿನ ಹಳ್ಳಿಗರು ಕುಶಲ ಕೇಳಿದ ಮೇಲೂ ತುಸು ಹೊತ್ತು ಸುಮ್ಮನೆ ನೋಡುವುದುಂಟು. ಇದನ್ನೆಲ್ಲ ತಿಳಿದ ಮೇಲೆ ನಮಗೆ ಅದು ವಿಚಿತ್ರವೆನ್ನಿಸಲಿಲ್ಲ.

ಇನ್ನು ಏಲಕ್ಕಿ. ೧೯೧೪ರ ಸುಮಾರಿಗೆ ಓಸ್ಕಾರ್ ಮಾಯುಸ್ ಕ್ಲೋಫರ್ ಎಂಬ ಜರ್ಮನ್ ತೋಟಗಾರನು ಇದನ್ನು ಕೊಬಾನಿನ ಬಳಿ ತಂದು ನೆಟ್ಟನೆಂದು ಹೇಳುವರು. ಗಿಡದ ಮೂಲ ನಮ್ಮ ಪಶ್ಚಿಮಘಟ್ಟ. ೧೯೮೦ರ ಹೊತ್ತಿಗೆ ಗ್ವಾಟೆಮಾಲ ಏಲಕ್ಕಿಯ ವ್ಯಾಪಾರದಲ್ಲಿ ಭಾರತವನ್ನು ಹಿಂದೆ ಹಾಕಿತು. ಕೊಡಗು, ಸಕಲೇಶಪುರಗಳ ತೋಟಗಾರರಿಗೆ ಆ ಹೆಸರು ಚೆನ್ನಾಗಿ ಗೊತ್ತು. ಬೆಲೆ ಕುಸಿದಾಗಲೆಲ್ಲ ಗ್ವಾಟೆಮಾಲದವರನ್ನು ಶಪಿಸುವುದನ್ನು ನಾವೇ ಕೇಳಿದ್ದೇವೆ. ಆದರೆ ಅಲ್ಲಿ ಅದನ್ನು ಬೆಳೆಯುವವರಲ್ಲಿ ಹೆಚ್ಚಿನವರು ಚೂರುಪಾರು ಭೂಮಿಯ ಕೆಕ್ಚಿ ರೈತರು. ಹಸಿಕಾಯಿಯನ್ನು ಬೆನ್ನಮೇಲೆ ಹೊತ್ತು ತಂದು 'ಕೊಯೋಟೆ' ಎಂಬ ದಲ್ಲಾಳಿಗೆ ಹಾಕುವರು. ಕೊಯೋಟೆ ಎಂದರೆ ನರಿಯ ಜಾತಿಯ ಒಂದು ಮೃಗ. ಕಾಯಿ ಸೌದೆಯ ಬಿಸಿಯಲ್ಲಿ ಒಣಗಿ ಅರಬರ ದೇಶಗಳಿಗೆ ಹೋಗುವುದು, ಅಲ್ಲಿ ಕಾಫಿಗೆ ಬೀಳುವುದು. ಬೆಳೆದವರ ಅಡಿಗೆಯಲ್ಲಿ ಅದಕ್ಕೆ ಸ್ಥಳವೇ ಇಲ್ಲ.

ಕೊಬಾನಿನಲ್ಲಿ ನಾವು ತಂಗಿದ್ದ ಮನೆಯವರ ಹಿರಿಯರು ಹಳ್ಳಿಯಲ್ಲಿ ಏಲಕ್ಕಿ ಬೆಳೆಯುವವರು. ಹೊರಡುವ ಹಿಂದಿನ ದಿನ ಅಂಗಡಿಯಿಂದ ಶ್ಯಾವಿಗೆ ತಂದು, ಅವರ ಏಲಕ್ಕಿಯನ್ನೇ ಕುಟ್ಟಿ ಹಾಕಿ ಪಾಯಸ ಮಾಡಿದೆವು. ಮನೆಯಾಕೆ ಬಟ್ಟಲನ್ನು ಮೂಸಿ, 'ಇದು ಒಣಗಿಸುವ ಮನೆಯಿಂದ ನಮ್ಮವರು ಬಂದಾಗ ಅಂಗಿಯಲ್ಲಿರುವ ವಾಸನೆ' ಎಂದು ನಕ್ಕಳು. ಉಂಡು, ಮಕ್ಕಳಿಗೂ ಕೊಟ್ಟಳು. ಆಮೇಲೆ, 'ನಿಮ್ಮ ದೇಶದಲ್ಲಿ ಇದನ್ನು ಒಂದು ಪೌಂಡಿಗೆ ಎಷ್ಟು ಕೊಟ್ಟು ಕೊಳ್ಳುವಿರಿ?' ಎಂದು ಕೇಳಿದಳು. ನಾವು ಲೆಕ್ಕ ಹಾಕಿ ಕೆತ್ಸಾಲಿನಲ್ಲಿ ಹೇಳಿದೆವು. ಆಕೆ ಗಂಡನನ್ನು ಒಳಗಿನಿಂದ ಕರೆದು ಆ ಸಂಖ್ಯೆಯನ್ನು ಕೆಕ್ಚಿಯಲ್ಲಿ ಹೇಳಿದಳು. ಆತನು ಸ್ಪ್ಯಾನಿಷಿನಲ್ಲಿ ಇನ್ನೊಮ್ಮೆ ನಮ್ಮನ್ನೇ ಕೇಳಿ ಖಚಿತಪಡಿಸಿಕೊಂಡನು. ಬಳಿಕ ಪಾಯಸಕ್ಕೆ ಹಾಲು ಎಷ್ಟು, ಸಕ್ಕರೆ ಎಷ್ಟು ಎಂದು ಆಕೆ ಕೇಳಿ ತಿಳಿದುಕೊಂಡಳು.